ಸ್ತ್ರೀಯರ ಉಪದೇಶಾಧಿಕಾರ: ಕ್ರೈಸ್ತ ಧರ್ಮಗ್ರಂಥ ಮತ್ತು ಕರಾವಳಿಯ ಅನುಭವ

ಅಘನಾಶಿನಿ ನದಿ ಕಡಲನ್ನು ಸೇರುವ ಕುಮಟಾ ತಾಲೂಕಿನ ಅಂಚಿನಿಂದ ಹೊರಟು, ಶರಾವತಿಯ ದಡದ ಹೊನ್ನಾವರವನ್ನು ದಾಟಿ, ಭಟ್ಕಳದವರೆಗೆ ಹಬ್ಬಿರುವ ಕಿರಿದಾದ ಕರಾವಳಿಯಲ್ಲಿ ಕ್ರೈಸ್ತ ಸಮುದಾಯದ ಇತಿಹಾಸವು 16ನೆಯ ಶತಮಾನದ ಪೋರ್ಚುಗೀಸ್ ಸಂಪರ್ಕದೊಡನೆ ಆರಂಭವಾಗುತ್ತದೆ. ಇಲ್ಲಿನ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿಯನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕಥೋಲಿಕರು. 1976ರಲ್ಲಿ ಬೆಳಗಾವಿ ಧರ್ಮಪ್ರಾಂತದಿಂದ ಬೇರ್ಪಟ್ಟು ಸ್ಥಾಪಿತವಾದ ಕಾರವಾರ ಧರ್ಮಪ್ರಾಂತಕ್ಕೆ ಅವರು ಸೇರುತ್ತಾರೆ. ಇದರೊಂದಿಗೆ 19ನೆಯ ಶತಮಾನದ ಬಾಸೆಲ್ ಮಿಷನ್ನಿನ ಪರಂಪರೆಯೂ ಇದೆ. ಹೊನ್ನಾವರವು ಆ ಸಂಸ್ಥೆಯ ಕೇಂದ್ರಗಳಲ್ಲಿ ಒಂದಾಗಿತ್ತು. ಹೀಗೆ ಕ್ರೈಸ್ತ ಧರ್ಮದ ಎರಡು ದೊಡ್ಡ ಶಾಖೆಗಳು ಒಂದೇ ಕರಾವಳಿಯಲ್ಲಿ ನೆಲೆಗೊಂಡುದರಿಂದ, ಜಗತ್ತಿನಾದ್ಯಂತ ಕ್ರೈಸ್ತ ಸಭೆಗಳನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆಯೊಂದನ್ನು ಈ ಪ್ರದೇಶದ ನೆಲೆಯಿಂದ ಪರಿಶೀಲಿಸಲು ಅವಕಾಶವಿದೆ. ದೇವರ ವಾಕ್ಯವನ್ನು ಬಹಿರಂಗವಾಗಿ ಸಾರಲು ಮತ್ತು ಬೋಧಿಸಲು ಸ್ತ್ರೀಯರಿಗೆ ಧರ್ಮಗ್ರಂಥವು ಅನುಮತಿ ನೀಡುತ್ತದೆಯೆ ಎಂಬುದೇ ಆ ಪ್ರಶ್ನೆ.

ಪ್ರಶ್ನೆಯನ್ನು ಎತ್ತಿಕೊಳ್ಳುವ ಮೊದಲು ರೂಢಿಯನ್ನು ಗಮನಿಸುವುದು ಉಚಿತ. ಕರಾವಳಿಯ ಕೊಂಕಣಿಯಲ್ಲಿ ಉಪದೇಶಕ್ಕೆ ಸಂಬಂಧಿಸಿದಂತೆ ಪೋರ್ಚುಗೀಸ್ ಮೂಲದ ಎರಡು ಪದಗಳು ಬಳಕೆಯಲ್ಲಿವೆ. ಪೂಜೆಯ ನಡುವೆ ಪಾದ್ರಿಗಳು ಮಾಡುವ ಪ್ರವಚನ ‘ಶೆರ್ಮಾಂವ್’. ಮಕ್ಕಳಿಗೆ ಧರ್ಮದ ಮೂಲ ಪಾಠಗಳನ್ನು ಕಲಿಸುವುದು ‘ದೊತೊರ್ನ್’. ಶೆರ್ಮಾಂವ್ ಹೇಳುವವರು ಪುರುಷರೇ. ದೊತೊರ್ನ್ ಕಲಿಸುವವರಲ್ಲಿ ಹೆಚ್ಚಿನವರು ಸ್ತ್ರೀಯರು. ಮಾದ್ರಿಗಳು, ಶಾಲಾ ಶಿಕ್ಷಕಿಯರು, ಊರಿನ ಗೃಹಿಣಿಯರು. ಸಂಜೆಯ ‘ತೆರ್ಸ್’ ಅಂದರೆ ಜಪಮಾಲೆಯ ಪ್ರಾರ್ಥನೆಯನ್ನು ಮನೆಯಲ್ಲಿ ಮುನ್ನಡೆಸುವವಳು ಸಾಮಾನ್ಯವಾಗಿ ತಾಯಿ ಅಥವಾ ಅಜ್ಜಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, ಇಗರ್ಜಿಗಳು ನಾಶವಾಗಿ, ಪಾದ್ರಿಗಳು ಹೊರದೂಡಲ್ಪಟ್ಟ ಮೇಲೆ 1799ರವರೆಗಿನ ಅವಧಿಯಲ್ಲಿ ಪ್ರಾರ್ಥನೆಗಳು ಮುಂದಿನ ತಲೆಮಾರಿಗೆ ದಾಟಿದ್ದು ಮನೆಯ ಮೂಲಕವೇ ಇರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಆದ್ದರಿಂದ ಸ್ತ್ರೀ ಬೋಧಿಸಬಹುದೆ ಎಂಬ ಪ್ರಶ್ನೆಗೆ ರೂಢಿಯು ಎಂದೋ ಉತ್ತರ ಕೊಟ್ಟಾಗಿದೆ. ಉಳಿದಿರುವುದು ಎಲ್ಲಿ, ಯಾರ ಎದುರಿನಲ್ಲಿ, ಯಾವ ಅಧಿಕಾರದಿಂದ ಎಂಬ ಪ್ರಶ್ನೆ. ವಿವಾದವಿರುವುದು ಅಲ್ಲಿಯೇ.

ನಿಷೇಧದ ಪರವಾಗಿ ಮುಖ್ಯವಾಗಿ ಉದ್ಧರಿಸಲ್ಪಡುವ ವಾಕ್ಯಭಾಗಗಳು ಎರಡು. ಎರಡೂ ಸಂತ ಪೌಲನ ಹೆಸರಿನ ಪತ್ರಿಕೆಗಳಲ್ಲಿವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದ 34 ಮತ್ತು 35ನೆಯ ವಚನಗಳು ಸ್ತ್ರೀಯರು ಸಭೆಗಳಲ್ಲಿ ಮೌನವಾಗಿರಬೇಕು, ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡಂದಿರನ್ನು ಕೇಳಬೇಕು ಎಂಬ ಅರ್ಥ ಕೊಡುತ್ತವೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯವು ಇನ್ನೂ ಕಟ್ಟುನಿಟ್ಟಾದುದು. ಸ್ತ್ರೀಯು ಬೋಧಿಸುವುದಕ್ಕೂ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕೂ ಲೇಖಕನು ಅಲ್ಲಿ ಅನುಮತಿ ನಿರಾಕರಿಸುತ್ತಾನೆ. ಆದಾಮನು ಮೊದಲು ನಿರ್ಮಿತನಾದನು, ವಂಚನೆಗೆ ಒಳಗಾದವಳು ಹವ್ವಳು ಎಂದು ಕಾರಣವನ್ನೂ ಕೊಡುತ್ತಾನೆ.

ಈ ಎರಡನೆಯ ಭಾಗದ ಬಲವನ್ನು ಕಡಿಮೆಯೆಂದು ಎಣಿಸಬಾರದು. ನಿಷೇಧವನ್ನು ಸಮರ್ಥಿಸುವ ವಿದ್ವಾಂಸರ ವಾದ ಇಂತಿದೆ: ಲೇಖಕನು ತನ್ನ ಕಾಲದ ಶಿಷ್ಟಾಚಾರವನ್ನು ಕಾರಣವಾಗಿ ಹೇಳಿದ್ದರೆ ಕಾಲ ಬದಲಾದಾಗ ನಿಯಮವೂ ಬದಲಾಗಬಹುದಿತ್ತು. ಆದರೆ ಆತನು ಸೃಷ್ಟಿಯ ಕ್ರಮವನ್ನೇ ಆಧಾರವಾಗಿ ಹಿಡಿದಿರುವುದರಿಂದ ನಿಯಮವು ಎಲ್ಲ ಕಾಲಕ್ಕೂ ಸಲ್ಲುತ್ತದೆ. ಇದು ಸ್ತ್ರೀದ್ವೇಷದ ಮಾತೆಂದು ತಳ್ಳಿಹಾಕಿದರೆ ಮುಗಿಯುವ ವಾದವಲ್ಲ. ಪಠ್ಯದ ಒಳಗಿನಿಂದಲೇ ಅದಕ್ಕೆ ಉತ್ತರ ಹುಡುಕಬೇಕಾಗುತ್ತದೆ.

ಅಂತಹ ಉತ್ತರಗಳು ಪದಗಳ ಪರಿಶೀಲನೆಯಿಂದ ಆರಂಭವಾಗುತ್ತವೆ. ತಿಮೊಥೆಯನ ಪತ್ರಿಕೆಯಲ್ಲಿ ‘ಮೌನ’ ಎಂದು ಸಾಮಾನ್ಯವಾಗಿ ಅನುವಾದಗೊಳ್ಳುವ ಗ್ರೀಕ್ ಪದ ‘ಹೆಸುಕಿಯಾ’. ಅದೇ ಅಧ್ಯಾಯದ 2ನೆಯ ವಚನದಲ್ಲಿ ವಿಶ್ವಾಸಿಗಳೆಲ್ಲರೂ ನಡೆಸಬೇಕಾದ ನೆಮ್ಮದಿಯ ಬದುಕನ್ನು ಹೇಳುವಾಗ ಇದೇ ಧಾತುವಿನ ಪದ ಬಂದಿದೆ. ಅಲ್ಲಿ ಅದು ಬಾಯಿಮುಚ್ಚುವುದಲ್ಲ, ಶಾಂತತೆ. ‘ಅಧಿಕಾರ ನಡೆಸು’ ಎಂದು ಅನುವಾದಿಸಲಾಗುವ ‘ಅಥೆಂಟೈನ್’ ಎಂಬ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಬರುವುದಿಲ್ಲ. ಅಧಿಕಾರಕ್ಕೆ ಪೌಲನು ಎಂದಿನಂತೆ ಬಳಸುವ ಪದವನ್ನು ಬಿಟ್ಟು ಇಲ್ಲಿ ಮಾತ್ರ ಈ ಅಪೂರ್ವ ಪದ ಬಂದಿರುವುದರಿಂದ, ನಿಷೇಧಿಸಲ್ಪಟ್ಟಿರುವುದು ನ್ಯಾಯವಾದ ಬೋಧನೆಯಲ್ಲ, ಪರರ ಮೇಲೆ ಬಲಾತ್ಕಾರದಿಂದ ಸಾಧಿಸುವ ಹಿಡಿತ ಎಂದು ಕೆಲವರು ಅರ್ಥೈಸುತ್ತಾರೆ. ಇನ್ನೊಂದು ಸಂಗತಿ ಹೆಚ್ಚು ಗಮನಾರ್ಹ. 11 ಮತ್ತು 12ನೆಯ ವಚನಗಳಲ್ಲಿ ಆಜ್ಞಾರ್ಥಕ ರೂಪದಲ್ಲಿರುವ ಕ್ರಿಯಾಪದ ಒಂದೇ: ಸ್ತ್ರೀಯು ಕಲಿಯಲಿ ಎಂಬುದು. ಧರ್ಮಶಾಸ್ತ್ರದ ಅಧ್ಯಯನ ಪುರುಷರ ಪಾಲಿನದು ಎಂದು ಬಗೆದಿದ್ದ ಸಮಾಜದಲ್ಲಿ ಈ ಆಜ್ಞೆ ಸಣ್ಣದಲ್ಲ. ಪತ್ರಿಕೆಯು ಎಫೆಸದ ಸಭೆಯಲ್ಲಿ ಹರಡುತ್ತಿದ್ದ ಸುಳ್ಳುಬೋಧನೆಯನ್ನು ತಡೆಯಲು ಬರೆದುದೆಂಬುದು ಅದರ ಆರಂಭದಲ್ಲಿಯೇ ಸ್ಪಷ್ಟವಿದೆ. ತಿಮೊಥೆಯನ ಪತ್ರಿಕೆಗಳು ಪೌಲನದೇ ಕೈಬರಹವಲ್ಲ, ಆತನ ಶಿಷ್ಯಪರಂಪರೆಯಲ್ಲಿ ಮೂಡಿದವು ಎಂದು ಆಧುನಿಕ ವಿದ್ವಾಂಸರಲ್ಲಿ ಅನೇಕರು ಅಭಿಪ್ರಾಯಪಟ್ಟಿದ್ದಾರೆ. ಆದರೆ ಧರ್ಮಗ್ರಂಥವನ್ನು ಪ್ರಮಾಣವೆಂದು ಒಪ್ಪಿದ ವಿಶ್ವಾಸಿಗೆ ಕರ್ತೃತ್ವದ ವಾದದಿಂದ ಪ್ರಶ್ನೆ ಪರಿಹಾರವಾಗುವುದಿಲ್ಲ.

ಕೊರಿಂಥದ ಪತ್ರಿಕೆಯ ತೊಡಕು ಬೇರೆ ಬಗೆಯದು. ಅದೇ ಪತ್ರಿಕೆಯ 11ನೆಯ ಅಧ್ಯಾಯದ 5ನೆಯ ವಚನದಲ್ಲಿ ಸ್ತ್ರೀಯು ಪ್ರಾರ್ಥಿಸುವಾಗ ಅಥವಾ ಪ್ರವಾದಿಸುವಾಗ ತಲೆಯನ್ನು ಹೇಗೆ ಇಟ್ಟುಕೊಂಡಿರಬೇಕೆಂದು ಪೌಲನು ವಿಧಿಸುತ್ತಾನೆ. ಪ್ರವಾದನೆಯು ಸಭೆಯ ಮುಂದೆ ನಡೆಯುವ ಕಾರ್ಯ. ಮಾತನಾಡುವಾಗ ಮುಸುಕು ಹಾಕಬೇಕೆಂದು ವಿಧಿಸಿದವನು ಮೂರು ಅಧ್ಯಾಯಗಳ ನಂತರ ಮಾತನ್ನೇ ನಿಷೇಧಿಸುವುದು ಹೇಗೆ ಸಾಧ್ಯ? 14ನೆಯ ಅಧ್ಯಾಯದಲ್ಲಿ ಮೌನದ ಆಜ್ಞೆ ಸ್ತ್ರೀಯರಿಗೆ ಮಾತ್ರ ಮೀಸಲಾಗಿಲ್ಲ ಎಂಬುದನ್ನೂ ಗಮನಿಸಬೇಕು. ಅರ್ಥ ಹೇಳುವವನಿಲ್ಲದಿದ್ದರೆ ಅನ್ಯಭಾಷೆಯಲ್ಲಿ ಮಾತನಾಡುವವನೂ, ಇನ್ನೊಬ್ಬನಿಗೆ ದರ್ಶನವಾದಾಗ ಮೊದಲು ಮಾತನಾಡುತ್ತಿದ್ದ ಪ್ರವಾದಿಯೂ ಸುಮ್ಮನಿರಬೇಕೆಂದು ಅದೇ ಕ್ರಿಯಾಪದದಿಂದ ಹೇಳಲಾಗಿದೆ. ಅಂದರೆ ಅಧ್ಯಾಯದ ಕಾಳಜಿ ಸಭೆಯ ಸುವ್ಯವಸ್ಥೆ. ಇದಲ್ಲದೆ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು 40ನೆಯ ವಚನದ ಅನಂತರ, ಅಧ್ಯಾಯದ ಕೊನೆಯಲ್ಲಿ ಬರುತ್ತವೆ. ಈ ಸ್ಥಳಾಂತರವನ್ನು ಆಧರಿಸಿ, ಇವು ಯಾರೋ ಅಂಚಿನಲ್ಲಿ ಬರೆದಿದ್ದ ಟಿಪ್ಪಣಿಯಾಗಿದ್ದು ಮುಂದೆ ಪಠ್ಯದೊಳಗೆ ಸೇರಿರಬೇಕೆಂದು ಗಾರ್ಡನ್ ಫೀ ಎಂಬ ವಿದ್ವಾಂಸರು 1987ರಲ್ಲಿ ಪ್ರಕಟವಾದ ತಮ್ಮ ವ್ಯಾಖ್ಯಾನದಲ್ಲಿ ವಾದಿಸಿದರು. ಕನ್ನಡದ ಓಲೆಗರಿಗಳ ಸಂಪಾದನೆಯಲ್ಲಿ ಪ್ರಕ್ಷಿಪ್ತ ಪದ್ಯಗಳನ್ನು ಗುರುತಿಸಿ ಬಲ್ಲವರಿಗೆ ಈ ತರ್ಕ ಅಪರಿಚಿತವೆನಿಸದು. ಆದರೂ ಈ ವಚನಗಳನ್ನು ಪೂರ್ಣವಾಗಿ ಕೈಬಿಟ್ಟ ಹಸ್ತಪ್ರತಿ ದೊರೆತಿಲ್ಲವಾದ್ದರಿಂದ ಎಲ್ಲರೂ ಇದನ್ನು ಒಪ್ಪಿಲ್ಲ.

ನಿಷೇಧದ ಎರಡು ಭಾಗಗಳಿಗೆ ಎದುರಾಗಿ ನಿಲ್ಲುವ ಸಾಕ್ಷ್ಯಗಳು ಹಲವು. ಹಳೆಯ ಒಡಂಬಡಿಕೆಯಲ್ಲಿ ದೆಬೋರಳು ಪ್ರವಾದಿನಿಯೂ ನ್ಯಾಯಸ್ಥಾಪಕಳೂ ಆಗಿದ್ದಳು. ದೇವಾಲಯದಲ್ಲಿ ದೊರೆತ ಧರ್ಮಶಾಸ್ತ್ರದ ಗ್ರಂಥದ ಬಗ್ಗೆ ಯೆಹೋವನನ್ನು ವಿಚಾರಿಸಲು ಅರಸನಾದ ಯೋಶೀಯನು ಯಾಜಕನನ್ನೇ ಕಳುಹಿಸಿದ್ದು ಹುಲ್ದಳೆಂಬ ಸ್ತ್ರೀಯ ಬಳಿಗೆ. ಹೊಸ ಒಡಂಬಡಿಕೆಯಲ್ಲಿ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮೊದಲು ಮುಟ್ಟಿಸಿದವಳು ಮಗ್ದಲದ ಮರಿಯಳು. ಫಿಲಿಪ್ಪನ ನಾಲ್ವರು ಪುತ್ರಿಯರು ಪ್ರವಾದಿಸುತ್ತಿದ್ದರು. ಪಂಚಾಶತ್ತಮ ದಿನದಂದು ಪೇತ್ರನು ಯೋವೇಲನ ಪ್ರವಾದನೆಯನ್ನು ಎತ್ತಿಕೊಂಡು ಪುತ್ರರ ಜೊತೆಗೆ ಪುತ್ರಿಯರನ್ನೂ ಎಣಿಸಿದನು. ಬೋಧನೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದವಳು ಪ್ರಿಸ್ಕಿಲ್ಲ. ವಾಕ್ಚತುರನೂ ಶಾಸ್ತ್ರಪಂಡಿತನೂ ಆಗಿದ್ದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದವರು ಆಕೆ ಮತ್ತು ಆಕೆಯ ಗಂಡ ಅಕ್ವಿಲ. ಈ ದಂಪತಿಗಳ ಹೆಸರು ಹೊಸ ಒಡಂಬಡಿಕೆಯಲ್ಲಿ ಆರು ಬಾರಿ ಬರುತ್ತದೆ. ನಾಲ್ಕು ಬಾರಿ ಹೆಂಡತಿಯ ಹೆಸರೇ ಮೊದಲು. ಅಪೊಲ್ಲೋಸನ ಪ್ರಸಂಗದಲ್ಲಿ ಗಂಡನ ಹೆಸರನ್ನು ಮುಂದಕ್ಕೆ ತಂದ ಹಸ್ತಪ್ರತಿಗಳೂ ಇವೆ. ಪ್ರತಿಕಾರನ ಇರುಸುಮುರುಸು ಶತಮಾನಗಳ ಮೇಲೂ ಕಾಣುವಂತಿದೆ. ಆದರೆ ಈ ಬೋಧನೆ ನಡೆದದ್ದು ಸಭೆಯಲ್ಲಲ್ಲ, ಖಾಸಗಿಯಾಗಿ ಎಂದು ನಿಷೇಧವಾದಿಗಳು ಉತ್ತರಿಸುತ್ತಾರೆ. ಶೆರ್ಮಾಂವ್ ಮತ್ತು ದೊತೊರ್ನ್‌ಗಳ ಗೆರೆ ಇಲ್ಲಿಯೂ ಎಳೆಯಲ್ಪಟ್ಟಿದೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವು ಅನುವಾದಕರ ಪಾಲಿಗೆ ಪರೀಕ್ಷೆಯ ಕಣ. ಅಲ್ಲಿ ಬರುವ ಫೊಯಿಬೆ ಕೆಂಕ್ರೆಯ ಸಭೆಯ ‘ಡಿಯಾಕೊನೊಸ್’. ಪುರುಷರ ಸಂದರ್ಭದಲ್ಲಿ ಈ ಪದವನ್ನು ಸಭೆಯ ಪದವಿಯೆಂದು ಅನುವಾದಿಸಿ, ಫೊಯಿಬೆಯ ಸಂದರ್ಭದಲ್ಲಿ ಮಾತ್ರ ಸಾಮಾನ್ಯ ಸೇವೆಯೆಂದು ಅನುವಾದಿಸುವ ರೂಢಿ ಅನೇಕ ಭಾಷೆಗಳಲ್ಲಿ ಬಹುಕಾಲ ನಡೆದುಬಂದಿದೆ. ಅದೇ ಅಧ್ಯಾಯದ 7ನೆಯ ವಚನದಲ್ಲಿ ಅಪೊಸ್ತಲರಲ್ಲಿ ಗಣ್ಯರೆಂದು ಹೇಳಲಾದ ಇಬ್ಬರಲ್ಲಿ ಒಬ್ಬರ ಹೆಸರು ಯೂನಿಯ. ಗ್ರೀಕಿನ ದ್ವಿತೀಯಾ ವಿಭಕ್ತಿಯಲ್ಲಿ ಈ ಹೆಸರು ಹೆಣ್ಣಿನದೆ ಗಂಡಿನದೆ ಎಂಬುದು ಸ್ವರಚಿಹ್ನೆಯೊಂದರ ಮೇಲೆ ನಿಂತಿದೆ. ಅತಿ ಪ್ರಾಚೀನ ಪ್ರತಿಗಳಲ್ಲಿ ಸ್ವರಚಿಹ್ನೆಗಳೇ ಇಲ್ಲ. ಯೂನಿಯ ಎಂಬುದು ರೋಮನ್ ಸ್ತ್ರೀಯರಲ್ಲಿ ಸಾಮಾನ್ಯ ಹೆಸರು. ಪುರುಷನಾಮವಾಗಿ ‘ಯೂನಿಯಾಸ್’ ಎಂಬುದಕ್ಕೆ ಆ ಕಾಲದ ಆಧಾರ ಸಿಕ್ಕಿಲ್ಲ. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮನು ಆಕೆಯನ್ನು ಸ್ತ್ರೀಯೆಂದೇ ತಿಳಿದು, ಅಪೊಸ್ತಲಳೆನಿಸಿದ ಆಕೆಯ ಜ್ಞಾನವನ್ನು ಹೊಗಳಿದ್ದಾನೆ. ಹೀಗಿದ್ದರೂ ವಿದ್ವಾಂಸರು ಪ್ರಮಾಣವೆಂದು ಬಳಸುವ ನೆಸ್ಲೆಯ ಗ್ರೀಕ್ ಆವೃತ್ತಿಯಲ್ಲಿ 1927ರಿಂದ ಪುರುಷರೂಪವೇ ಅಚ್ಚಾಗುತ್ತ ಬಂದು, ಸ್ತ್ರೀರೂಪವು ಮರಳಿದ್ದು 1998ರಲ್ಲಿ. ಗ್ರೀಕಿನಲ್ಲಿ ಅಸ್ಪಷ್ಟವಾಗಿ ಉಳಿಯಬಹುದಾದುದು ಕನ್ನಡದಲ್ಲಿ ಉಳಿಯಲಾರದು. ‘ಯೂನಿಯನಿಗೆ’ ಎಂದೋ ‘ಯೂನಿಯಳಿಗೆ’ ಎಂದೋ ವಿಭಕ್ತಿ ಹಚ್ಚಿದ ಕೂಡಲೇ ಲಿಂಗವು ನಿರ್ಣಯವಾಗಿಬಿಡುತ್ತದೆ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದಂದಿನಿಂದ ಈ ಪತ್ರಿಕೆಯ ಪ್ರತಿ ಅನುವಾದಕನೂ ಒಂದು ಅಕ್ಷರದಲ್ಲಿ ತೀರ್ಪು ಕೊಡಬೇಕಾಗಿ ಬಂದಿದೆ. ಇಗರ್ಜಿಯಲ್ಲಿ ಓದು ಕೇಳುವವರಿಗೆ ಅಲ್ಲೊಂದು ತೀರ್ಪು ನಡೆದಿದೆಯೆಂಬ ಸುಳಿವೂ ಸಿಗುವುದಿಲ್ಲ.

ಪಠ್ಯದಿಂದ ಬದುಕಿಗೆ ಬಂದರೆ, ಈ ಪ್ರಶ್ನೆಯನ್ನು ತನ್ನ ಮೈಮೇಲೆ ಎಳೆದುಕೊಂಡ ಕರ್ನಾಟಕ ಮೂಲದ ಸ್ತ್ರೀಯೆಂದರೆ ಪಂಡಿತಾ ರಮಾಬಾಯಿ. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು. ಆಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅನಂತಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದು ಊರಿನ ಪಂಡಿತರ ಕೋಪಕ್ಕೆ ಕಾರಣವಾಗಿ, ಅವರು ಉಡುಪಿಯ ಮಠಾಧಿಪತಿಗಳ ಸಮ್ಮುಖದ ವಿದ್ವತ್ಸಭೆಯಲ್ಲಿ ತಮ್ಮ ನಡತೆಯನ್ನು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಳ್ಳಬೇಕಾಯಿತೆಂದು ಮಗಳು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾಳೆ. ಅಲ್ಲಿದ್ದದ್ದೂ ಇದೇ ಪ್ರಶ್ನೆ, ಗ್ರಂಥ ಮಾತ್ರ ಬೇರೆ. ತೀರ್ಥಯಾತ್ರೆಗಳಲ್ಲಿ ಪುರಾಣ ಹೇಳುತ್ತ ಬೆಳೆದ ರಮಾಬಾಯಿ ಮರಾಠಿಯ ಜೊತೆಗೆ ಕನ್ನಡವನ್ನೂ ಬಲ್ಲವಳಾಗಿದ್ದಳು. ತಂದೆತಾಯಿಗಳನ್ನು ಬರಗಾಲದಲ್ಲಿ ಕಳೆದುಕೊಂಡು 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

1883ರಲ್ಲಿ ಇಂಗ್ಲೆಂಡಿಗೆ ಹೋದ ಆಕೆ ಅದೇ ವರ್ಷ ವಾಂಟೇಜ್ ಎಂಬಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿ ದೀಕ್ಷಾಸ್ನಾನ ಪಡೆದಳು. ಬಳಿಕ ಚೆಲ್ಟೆನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಬಳಿ ಓದುತ್ತಲೂ ಸಂಸ್ಕೃತ ಕಲಿಸುತ್ತಲೂ ಇದ್ದಾಗ, ಆಕೆ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೆ ಎಂಬ ಪ್ರಶ್ನೆ ಎದ್ದಿತು. ಲಾಹೋರ್ ಮತ್ತು ಮುಂಬಯಿಯ ಬಿಷಪ್ಪರು ಇದನ್ನು ವಿರೋಧಿಸಿದರು. ಅವರ ವಿರೋಧಕ್ಕೆ ಕೊಟ್ಟ ಕಾರಣ ಪೌಲನ ಪತ್ರಿಕೆಗಿಂತ ಹೆಚ್ಚಾಗಿ ಭಾರತದ ಲೋಕಾಚಾರ: ಪುರುಷರಿಗೆ ಪಾಠ ಹೇಳಿದವಳೆಂದು ತಿಳಿದರೆ ಸ್ವದೇಶದ ಸ್ತ್ರೀಯರ ನಡುವೆ ಆಕೆಯ ಪ್ರಭಾವ ಕುಂದುತ್ತದೆ ಎಂಬ ಭಯ. ರಮಾಬಾಯಿ ಇದನ್ನು ಒಪ್ಪಲಿಲ್ಲ. ಭಾರತದಲ್ಲಿ ತಾನು ಪುರುಷರ ಸಭೆಗಳಲ್ಲಿಯೇ ಮಾತನಾಡಿದವಳು, ತನ್ನ ಮನೆಯವರು ಅದನ್ನು ಎಂದೂ ತಡೆದಿರಲಿಲ್ಲ, ಈಗ ಸ್ವಾತಂತ್ರ್ಯದ ನಾಡಿನಲ್ಲಿ ತಡೆ ಬಂದಿದೆ ಎಂಬುದು ಆಕೆಯ ಪತ್ರಗಳ ಸಾರ. ಪುರೋಹಿತವರ್ಗದ ಕಟ್ಟಿನಿಂದ ಬಿಡಿಸಿಕೊಂಡ ತಾನು ಇನ್ನೊಂದು ಪುರೋಹಿತವರ್ಗದ ಮಾತನ್ನು ದೇವರ ಮಾತೆಂದು ಸ್ವೀಕರಿಸಲಾರೆ ಎಂಬ ನಿಲುವನ್ನು ಆಕೆ ಸಿಸ್ಟರ್ ಜೆರಾಲ್ಡಿನ್‌ರೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ಸ್ಪಷ್ಟಪಡಿಸಿದ್ದಾಳೆ. ಈ ಪತ್ರಗಳು 1977ರಲ್ಲಿ ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಪ್ರಕಟವಾಗಿವೆ. ನಿಷೇಧವು ಧರ್ಮಗ್ರಂಥದ್ದೆಂದು ಹೇಳಲ್ಪಟ್ಟರೂ ಅನೇಕ ವೇಳೆ ಅದರ ಬೇರು ಶಿಷ್ಟಾಚಾರದಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಇಲ್ಲಿಯಂತೂ ಆ ಶಿಷ್ಟಾಚಾರವೂ ಇನ್ನೊಬ್ಬರ ನಾಡಿನ ಬಗ್ಗೆ ಊಹಿಸಿಕೊಂಡದ್ದಾಗಿತ್ತು.

ರಮಾಬಾಯಿಯ ಮುಂದಿನ ಕಾರ್ಯವು ಈ ವಾದಕ್ಕೆ ಕೃತಿರೂಪದ ಉತ್ತರ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನೂ ಅನಂತರ ಕೆಡಗಾಂವಿನಲ್ಲಿ ಮುಕ್ತಿ ಸದನವನ್ನೂ ಆಕೆ ಸ್ಥಾಪಿಸಿದಳು. 1905ರಲ್ಲಿ ಅಲ್ಲಿ ಎದ್ದ ಧಾರ್ಮಿಕ ಜಾಗೃತಿಯ ಸಮಯದಲ್ಲಿ ಯುವತಿಯರ ತಂಡಗಳು ಸುತ್ತಲಿನ ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರಿದವು. ಮಗಳು ಮನೋರಮಾಳ ಮೂಲಕ ಗುಲ್ಬರ್ಗಾದಲ್ಲಿಯೂ ಹೆಣ್ಣುಮಕ್ಕಳ ಶಾಲೆಯೊಂದು ಆರಂಭವಾಯಿತು. ಬದುಕಿನ ಕೊನೆಯ ವರ್ಷಗಳನ್ನು ರಮಾಬಾಯಿ ಮೀಸಲಿಟ್ಟದ್ದು ಇಡೀ ಬೈಬಲನ್ನು ಮೂಲಭಾಷೆಗಳಿಂದ ಸರಳ ಮರಾಠಿಗೆ ತರುವ ಕೆಲಸಕ್ಕೆ. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಕಲಿತಳು; ಮೊಳೆ ಜೋಡಿಸಿದವರು ಮುಕ್ತಿ ಸದನದ ಹೆಣ್ಣುಮಕ್ಕಳು. 1922ರಲ್ಲಿ ಆಕೆ ತೀರಿಕೊಂಡ ಎರಡು ವರ್ಷಗಳ ನಂತರ ಅದು ಪ್ರಕಟವಾಯಿತು. ಸ್ತ್ರೀಯು ಬೋಧಿಸಕೂಡದೆಂಬ ವಚನವೂ ಸೇರಿದಂತೆ ಸಮಗ್ರ ಗ್ರಂಥವು ಒಬ್ಬ ಸ್ತ್ರೀಯಿಂದ ಅನುವಾದಗೊಂಡು ಸ್ತ್ರೀಯರ ಕೈಯಿಂದ ಅಚ್ಚಾಯಿತು.

ಕರಾವಳಿಯ ಪ್ರಾಟೆಸ್ಟಂಟ್ ಪರಂಪರೆಯಲ್ಲಿ ಇದೇ ಕಾಲದಲ್ಲಿ ‘ಬೈಬಲ್ ಸ್ತ್ರೀ’ ಎಂಬ ವ್ಯವಸ್ಥೆ ರೂಢಿಯಲ್ಲಿತ್ತು. ಪುರುಷ ಮಿಷನರಿಗಳು ಪ್ರವೇಶಿಸಲಾಗದ ಒಳಮನೆಗಳಿಗೆ ಹೋಗಿ ಬೈಬಲನ್ನು ಓದಿ ಅರ್ಥ ಹೇಳುವುದು, ಅಕ್ಷರ ಕಲಿಸುವುದು ಇವರ ಕೆಲಸ. ಮಿಷನ್ನಿನ ಗಣನೆಯಲ್ಲಿ ಇವರು ಉಪದೇಶಿಗಳಲ್ಲ, ಸಹಾಯಕಿಯರು. ಸಂಬಳದಲ್ಲಿಯೂ ಸ್ಥಾನದಲ್ಲಿಯೂ ಕೆಳಗಿನವರು. ಆದರೆ ಮಾಡುತ್ತಿದ್ದ ಕೆಲಸವನ್ನು ಉಪದೇಶವಲ್ಲವೆನ್ನಲು ಸಾಧ್ಯವಿಲ್ಲ. ಕೇಳುವವರು ಸ್ತ್ರೀಯರು ಮಾತ್ರ ಎಂಬ ಕಾರಣಕ್ಕೆ ಪೌಲನ ನಿಷೇಧದಿಂದ ವಿನಾಯಿತಿ ಸಿಕ್ಕಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾದ ಮೇಲೆ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ಸಭೆ ಸ್ತ್ರೀಯರಿಗೆ ಗುರುದೀಕ್ಷೆಯನ್ನು ತೆರೆಯಿತು. 2013ರಲ್ಲಿ ನಂದ್ಯಾಲ ಧರ್ಮಪ್ರಾಂತಕ್ಕೆ ಪುಷ್ಪ ಲಲಿತಾ ಅವರು ಬಿಷಪ್ಪರಾಗಿ ಅಭಿಷಿಕ್ತರಾದರು. ಆ ಸಭೆಯಲ್ಲಿ ಆ ಪದವಿಗೇರಿದ ಮೊದಲ ಸ್ತ್ರೀ ಅವರು.

ಕಥೋಲಿಕ ಸಭೆಯ ಹಾದಿ ಬೇರೆ. ಅಲ್ಲಿ ಪ್ರಶ್ನೆಯನ್ನು ಧರ್ಮಗ್ರಂಥವೊಂದರಿಂದಲೇ ನಿರ್ಣಯಿಸುವುದಿಲ್ಲ, ಪರಂಪರೆಯೂ ಪ್ರಮಾಣ. ಬೋಧನೆ ಮತ್ತು ಗುರುದೀಕ್ಷೆಗಳನ್ನು ಅದು ಬೇರ್ಪಡಿಸಿ ನೋಡುತ್ತದೆ. 1970ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಆವಿಲಾದ ತೆರೇಸಾ ಮತ್ತು ಸಿಯೆನಾದ ಕ್ಯಾಥರೀನ್‌ರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಆ ಬಿರುದಿನ ಮೂಲ ಲ್ಯಾಟಿನ್ ಪದಕ್ಕೆ ಬೋಧಕ ಎಂದೇ ಅರ್ಥ. ಆದರೆ 1976ರ ಘೋಷಣೆಯೂ 1994ರ ಜಗದ್ಗುರುಗಳ ಪತ್ರವೂ ಸ್ತ್ರೀಯರಿಗೆ ಗುರುದೀಕ್ಷೆ ನೀಡುವ ಅಧಿಕಾರ ಸಭೆಗಿಲ್ಲವೆಂದು ಸಾರಿದವು. 1983ರ ಧರ್ಮಸಭಾ ಸಂಹಿತೆಯು ಅಗತ್ಯವಿದ್ದಲ್ಲಿ ಸಾಮಾನ್ಯ ವಿಶ್ವಾಸಿಗಳೂ ಇಗರ್ಜಿಯಲ್ಲಿ ಉಪದೇಶಿಸಬಹುದೆಂದು 766ನೆಯ ನಿಯಮದಲ್ಲಿ ಒಪ್ಪುತ್ತದೆ; ಮರುನಿಯಮದಲ್ಲಿಯೇ ಪೂಜೆಯೊಳಗಿನ ಪ್ರವಚನವನ್ನು ಗುರುಗಳಿಗೂ ಧರ್ಮಸೇವಕರಿಗೂ ಕಾಯ್ದಿರಿಸುತ್ತದೆ. 2016ರಲ್ಲಿ ಮಗ್ದಲದ ಮರಿಯಳ ಸ್ಮರಣೆಯನ್ನು ಅಪೊಸ್ತಲರಿಗೆ ಸಲ್ಲುವ ಹಬ್ಬದ ಮಟ್ಟಕ್ಕೆ ಏರಿಸಲಾಯಿತು. 2021ರಲ್ಲಿ ವಾಚಕ ಪದವಿಯನ್ನು ಸ್ತ್ರೀಯರಿಗೆ ವಿಧಿವತ್ತಾಗಿ ತೆರೆದು, ಧರ್ಮಬೋಧಕರ ಕಾಯಕವನ್ನೂ ಸ್ತ್ರೀಪುರುಷರಿಬ್ಬರಿಗೂ ಸಲ್ಲುವ ಅಧಿಕೃತ ಸೇವೆಯಾಗಿ ಸ್ಥಾಪಿಸಲಾಯಿತು. 2024ರ ಅಕ್ಟೋಬರಿನಲ್ಲಿ ರೋಮಿನ ಸಿನೊಡ್ ಸಭೆ ಅಂಗೀಕರಿಸಿದ ದಾಖಲೆಯ 60ನೆಯ ಪರಿಚ್ಛೇದವು ಸ್ತ್ರೀಯರಿಗೆ ಧರ್ಮಸೇವಕ ದೀಕ್ಷೆಯ ಪ್ರಶ್ನೆಯನ್ನು ತೆರೆದೇ ಇಟ್ಟಿತು. ಆ ದಾಖಲೆಯಲ್ಲಿ ಅತಿ ಹೆಚ್ಚು ವಿರೋಧ ಮತಗಳು, 97, ಬಿದ್ದದ್ದು ಆ ಪರಿಚ್ಛೇದಕ್ಕೆ.

ಕರಾವಳಿಯ ಸ್ತ್ರೀಯರು ಬೋಧಕರಾಗಿ ರೂಪುಗೊಂಡದ್ದು ರೋಮಿನ ಈ ದಾಖಲೆಗಳಿಗಿಂತ ಬಹಳ ಮೊದಲೇ, ಸನ್ಯಾಸಿನಿಯರ ಸಂಸ್ಥೆಗಳ ಮೂಲಕ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು, 1887ರಲ್ಲಿ ಅಲ್ಲಿಯೇ ಹುಟ್ಟಿದ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ, 1921ರಲ್ಲಿ ರೇಮಂಡ್ ಮಸ್ಕರೇನ್ಹಸ್ ಅವರು ಸ್ಥಾಪಿಸಿದ ಬೆಥನಿ ಸಭೆ ಇವು ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ಧರ್ಮಪಾಠವನ್ನೂ ಒಟ್ಟಿಗೆ ಕಲಿಸಿದವು. ಈ ಬಗೆಯ ಶಾಲೆಗಳಲ್ಲಿ ಕಲಿತವರೇ ಮುಂದೆ ಊರಿನ ದೊತೊರ್ನ್ ಶಿಕ್ಷಕಿಯರಾದರು. ಪೌಲನ ಪತ್ರಿಕೆಯಲ್ಲಿ ಸ್ತ್ರೀ ಕಲಿಯಲಿ ಎಂಬ ಆಜ್ಞೆ ಬೋಧಿಸಕೂಡದೆಂಬ ನಿಷೇಧಕ್ಕಿಂತ ಮೊದಲು ಬಂದಿರುವುದರ ಪರಿಣಾಮ ಇಲ್ಲಿ ಕಾಣುತ್ತದೆ. ಕಲಿತವಳ ಬಾಯನ್ನು ಬಹುಕಾಲ ಮುಚ್ಚಿಡುವುದು ಯಾವ ಸಭೆಗೂ ಸುಲಭವಾಗಿಲ್ಲ.

ಇಂದು ಈ ಪ್ರದೇಶದ ಧರ್ಮಕೇಂದ್ರಗಳಲ್ಲಿ ಭಾನುವಾರದ ಮೊದಲ ಎರಡು ವಾಚನಗಳನ್ನು ಸ್ತ್ರೀಯರು ಪೀಠದ ಬಳಿ ನಿಂತು ಓದುವುದು ಸಾಮಾನ್ಯ ದೃಶ್ಯ. ಪೌಲನ ಪತ್ರಿಕೆಗಳು ಬರುವುದು ಆ ಎರಡನೆಯ ವಾಚನದಲ್ಲಿಯೇ. ಶುಭಸಂದೇಶ ಬಂದಾಗ ಅವರು ಪಕ್ಕಕ್ಕೆ ಸರಿಯುತ್ತಾರೆ, ಶೆರ್ಮಾಂವ್ ಪಾದ್ರಿಗಳದು. ಪೂಜೆ ಮುಗಿದ ಮೇಲೆ ಅದೇ ಸ್ತ್ರೀ ಅದೇ ಶುಭಸಂದೇಶವನ್ನು ಮಕ್ಕಳಿಗೆ ವಿವರಿಸುತ್ತಾಳೆ. ವಾಡೆಯ ಕುಟುಂಬಗಳು ಒಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುವ ಸಂಜೆಗಳಲ್ಲಿ ಗಂಡಸರೂ ಕುಳಿತು ಆಕೆಯ ವಿವರಣೆಯನ್ನು ಕೇಳುತ್ತಾರೆ.